ಬೆಂಗಳೂರಿನ ಕಾರ್ ಶೋರೂಂ ಸೇವೆ: ಕಾಫಿಗೆ ಒಳ್ಳೆಯ ಅಂಕ, ಕೊಟೇಶನ್‌ಗೆ ಕೆಟ್ಟ ಅಂಕ

ಬೆಂಗಳೂರಿನ ಶೋರೂಂಗಳಲ್ಲಿ ಈಗ ಆತಿಥ್ಯಕ್ಕೆ ಕೊರತೆಯಿಲ್ಲ. ಕೂತ ಕೂಡಲೇ ಕಾಫಿ ಬರುತ್ತದೆ, ಮಕ್ಕಳ ಕೈಗೆ ಚಾಕೊಲೇಟ್ ಸಿಗುತ್ತದೆ, ಟೆಸ್ಟ್ ಡ್ರೈವ್ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಕೇಳಿ ಕೇಳಿ ಸಾಕಾದರೂ ಸಿಗದಿರುವುದು ಒಂದೇ: ಪ್ರತಿ ಬಾಬ್ತನ್ನೂ ಬಿಡಿಸಿ ಬರೆದ, ಸಹಿ ಸೀಲು ಇರುವ ಕೊಟೇಶನ್. ಸೇಲ್ಸ್‌ನವರ ಒತ್ತಡವೆಲ್ಲ ಆ ಕಾಗದವನ್ನು ಕೊಡದೆ ಬುಕ್ಕಿಂಗ್ ಮಾಡಿಸುವುದಕ್ಕೇ ಮೀಸಲು. ಹತ್ತರಿಂದ ಹದಿನೈದು ಲಕ್ಷದೊಳಗೆ, ಸಾಲದ ಮೇಲೆ, ಅಜ್ಜ ಅಜ್ಜಿ ಮಕ್ಕಳೆಲ್ಲ ಕೂರುವಂಥ ಗಾಡಿ ತೆಗೆದುಕೊಳ್ಳುವ ಕುಟುಂಬದ ದೃಷ್ಟಿಯಿಂದ ಈ ಸೇವೆಯನ್ನು ಹಂತ ಹಂತವಾಗಿ ತೂಗಿ ನೋಡಿದ ವಿಮರ್ಶೆ ಇದು.

ಎದುರಿಗೆ ಕೂತಿರುವ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಕಾರಿನ ಬೆಲೆಯಲ್ಲಿ ಡೀಲರ್‌ಗೆ ಉಳಿಯುವ ಲಾಭ ತೆಳು. ಇನ್ಶೂರೆನ್ಸ್, ಸಾಲ, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ, ಹಳೆ ಗಾಡಿಯ ಎಕ್ಸ್‌ಚೇಂಜ್, ಇವುಗಳ ಮೇಲೆ ಶೋರೂಂ ನಡೆಯುತ್ತದೆ, ಸೇಲ್ಸ್‌ನವರ ಇನ್ಸೆಂಟಿವ್ ಕೂಡ ಇವುಗಳ ಮೇಲೇ ನಿಂತಿರುತ್ತದೆ. ಹಾಗಾಗಿ ಎಕ್ಸ್ ಶೋರೂಂ ಬೆಲೆಯಲ್ಲಿ, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರುವ ಮುಂಚಿನ ಬೆಲೆಯಲ್ಲಿ, ಐದು ಸಾವಿರ ಬಿಡಿಸಿಕೊಳ್ಳಲು ಒಂದು ಗಂಟೆ ಜಗ್ಗಾಡಿ ಗೆದ್ದವರು, ಇನ್ಶೂರೆನ್ಸ್ ಸಾಲಿನಲ್ಲಿ ಇಪ್ಪತ್ತು ಸಾವಿರ ಬಿಟ್ಟುಕೊಟ್ಟು ಎದ್ದು ಬರುತ್ತಾರೆ.

ಫೋನ್ ನಂಬರ್ ಕೊಡುವಾಗಲೇ ಎಚ್ಚರ ಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಒಮ್ಮೆ ನಮೂದಿಸಿದ ನಂಬರ್ ಡೀಲರ್‌ಗಳ ಪಾಲಿಗೆ ‘ಲೀಡ್’. ಒಂದೇ ಬ್ರಾಂಡಿನ ಎರಡು ಮೂರು ಡೀಲರ್‌ಗಳಿಂದ, ಅವರ ಕಾಲ್ ಸೆಂಟರಿನಿಂದ, ಫೈನಾನ್ಸ್‌ನವರಿಂದ ಕರೆ ಶುರುವಾಗುತ್ತದೆ. ಒಂದು ಡೀಲರ್‌ಶಿಪ್‌ನ ಸಿಸ್ಟಂನಲ್ಲಿ ನಂಬರ್ ಯಾರ ಹೆಸರಿಗೆ ಬಿದ್ದಿತೋ ಆ ಗಿರಾಕಿ ಅವರದೇ. ಅದೇ ಡೀಲರ್‌ನ ಇನ್ನೊಂದು ಬ್ರಾಂಚಿಗೆ ಹೋದರೂ ಬೇರೆ ದರ ಹುಟ್ಟುವುದು ಕಷ್ಟ. ಆದ್ದರಿಂದ ಜಯನಗರದಲ್ಲೊಂದು, ಹೆಬ್ಬಾಳದಲ್ಲೊಂದು ಎಂದು ಶೋರೂಂ ಲೆಕ್ಕ ಹಾಕಬೇಡಿ. ಬೋರ್ಡಿನ ಮೇಲಿನ ಡೀಲರ್ ಕಂಪನಿಯ ಹೆಸರು ಬೇರೆ ಬೇರೆ ಇರುವ ಎರಡು ಮೂರು ಕಡೆ ಕೊಟೇಶನ್ ಕೇಳಿ. ಮಾತುಕತೆಯೆಲ್ಲ ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಎಂದು ಮೊದಲೇ ಹೇಳಿಬಿಟ್ಟರೆ ಎರಡು ಲಾಭ: ಕರೆಗಳು ಕಡಿಮೆಯಾಗುತ್ತವೆ, ಕೊಟ್ಟ ಮಾತಿಗೆ ಬರವಣಿಗೆಯ ಸಾಕ್ಷಿ ಉಳಿಯುತ್ತದೆ. ಬೇಡ ಎಂದ ಮೇಲೂ ನಿಲ್ಲದ ಕರೆಗಳ ಬಗ್ಗೆ 1909ಕ್ಕೆ ದೂರು ಕೊಡಬಹುದು.

ಏಳು ಸೀಟಿನ ಗಾಡಿ ಹುಡುಕುವವರಿಗೆ ಒಂದು ಅನುಕೂಲವಿದೆ. ಮಾರುತಿಯ ಎರ್ಟಿಗಾವನ್ನೇ ಟೊಯೊಟಾ 2023ರಿಂದ ರೂಮಿಯನ್ ಹೆಸರಿನಲ್ಲಿ ಮಾರುತ್ತಿದೆ. ಎಂಜಿನ್, ದೇಹ, ಒಳಗಿನ ಜಾಗ ಎಲ್ಲ ಒಂದೇ. ಎರಡೂ ಕಡೆಯ ಕೊಟೇಶನ್ ಕೈಯಲ್ಲಿದ್ದರೆ ‘ಈ ಗಾಡಿ ಬೇರೆಲ್ಲೂ ಸಿಗಲ್ಲ ಸಾರ್, ವೇಟಿಂಗ್ ಇದೆ’ ಎಂಬ ಮಾತಿಗೆ ಅರ್ಧ ಬಲ ಹೋಗುತ್ತದೆ.

ಟೆಸ್ಟ್ ಡ್ರೈವ್ ಈ ಇಡೀ ವ್ಯವಹಾರದಲ್ಲಿ ಚೆನ್ನಾಗಿ ನಡೆಯುವ ಭಾಗ. ಆದರೆ ಓಡಿಸಲು ಕೊಡುವುದು ಬಹುತೇಕ ಟಾಪ್ ವೇರಿಯಂಟ್. ನೀವು ಕೊಳ್ಳುವ ವೇರಿಯಂಟಿನ ಟೈರ್ ಅಳತೆ, ಹಿಂದಿನ ಎಸಿ ವೆಂಟ್, ಸೀಟಿನ ಎತ್ತರ ಹೊಂದಿಸುವ ಸೌಲಭ್ಯ ಬೇರೆಯೇ ಇರಬಹುದು. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿಕೊಂಡು, ಒಂದು ಫ್ಲೈಓವರ್ ಏರಿಸಿ ನೋಡಿ. ಮೂರನೇ ಸಾಲಿನಲ್ಲಿ ದೊಡ್ಡವರೊಬ್ಬರು ಇಪ್ಪತ್ತು ನಿಮಿಷವಾದರೂ ಕೂರಲಿ. ಕಿಟಕಿಗಳ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಇಳಿಯುತ್ತದೆಯೇ ಎಂದು ಕೇಳಿ, ಏಕೆಂದರೆ ಆರು ಏರ್‌ಬ್ಯಾಗ್ ಎಂದ ಮಾತ್ರಕ್ಕೆ ಹಾಗಿರಬೇಕಿಲ್ಲ. ಮಗುವಿನ ಸೀಟ್ ಇದ್ದರೆ ಜೊತೆಗೇ ಒಯ್ದು ಐಸೊಫಿಕ್ಸ್ ಕೊಂಡಿಗೆ ಸಿಕ್ಕಿಸಿ ನೋಡಿ. ಇದನ್ನು ಕೇಳಿದಾಗ ಉತ್ತರಕ್ಕೆ ತಡಕಾಡುವ ಸೇಲ್ಸ್‌ನವರೇ ಹೆಚ್ಚು. ಕೇಳಿದ್ದು ಹೆಂಡತಿಯಾದರೂ ಉತ್ತರವನ್ನು ಗಂಡನ ಮುಖ ನೋಡಿ ಹೇಳುವ ಚಾಳಿಯೂ ಹೋಗಿಲ್ಲ.

ಆನ್‌ರೋಡ್ ಎಂಬ ಒಂದೇ ಸಂಖ್ಯೆ

ನಿಜವಾದ ಆಟ ಇರುವುದು ಕೊಟೇಶನ್‌ನಲ್ಲಿ. ‘ಆನ್‌ರೋಡ್ ಇಷ್ಟು ಸಾರ್’ ಎಂದು ತೆರಿಗೆ, ವಿಮೆ ಎಲ್ಲ ಸೇರಿದ ಒಂದೇ ಸಂಖ್ಯೆ ಹೇಳಿ, ಅದರಿಂದ ‘ಡಿಸ್ಕೌಂಟ್ ಇಷ್ಟು’ ಕಳೆದು ತೋರಿಸುತ್ತಾರೆ. ಆ ಸಂಖ್ಯೆಯನ್ನು ಒಡೆದು ನೋಡಬೇಕು.

ಎಕ್ಸ್ ಶೋರೂಂ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ ಶೇ 18, ಅದಕ್ಕಿಂತ ದೊಡ್ಡವಕ್ಕೆ ಶೇ 40. ಜಿಎಸ್‌ಟಿ ಮೇಲೆ ಹಾಕುತ್ತಿದ್ದ ಪರಿಹಾರ ಸೆಸ್ ಹೋಗಿ ಒಟ್ಟು ತೆರಿಗೆ ಇಳಿದಿದೆ. ಆ ಇಳಿಕೆಗೆ ಮುಂಚಿನ ಬೆಲೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಈಗಿನ ಬೆಲೆ ಬರೆದು, ನಡುವಿನ ವ್ಯತ್ಯಾಸವನ್ನು ತಮ್ಮ ರಿಯಾಯಿತಿ ಎಂಬಂತೆ ತೋರಿಸಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಂಪನಿಯ ವೆಬ್‌ಸೈಟಿನಲ್ಲಿರುವ ಇಂದಿನ ಎಕ್ಸ್ ಶೋರೂಂ ಬೆಲೆಯೇ ಮೊದಲ ಸಾಲು.

ಎರಡನೆಯ ಸಾಲು ರೋಡ್ ಟ್ಯಾಕ್ಸ್. ಕರ್ನಾಟಕದ ಜೀವಾವಧಿ ತೆರಿಗೆ ದೇಶದ ದುಬಾರಿ ತೆರಿಗೆಗಳಲ್ಲಿ ಒಂದು. 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 12 ಲಕ್ಷದ ಪೆಟ್ರೋಲ್ ಗಾಡಿಗೆ ತೆರಿಗೆ 2,04,000, ಸೆಸ್ 22,440, ಒಟ್ಟು 2,26,440 ರೂ. ಕಾರ್ಮಿಕ ಕಲ್ಯಾಣದ ಹೆಸರಿನಲ್ಲಿ 2025ರಲ್ಲಿ ಬಂದ 1,000 ರೂ. ಹೆಚ್ಚುವರಿ ಸೆಸ್ ಬೇರೆ. ಇದು ಸರ್ಕಾರಕ್ಕೆ ಹೋಗುವ ಹಣ, ಚೌಕಾಸಿಗೆ ಜಾಗವಿಲ್ಲ. ಆದರೆ ಕೊಟೇಶನ್‌ನಲ್ಲಿ ‘ಟ್ಯಾಕ್ಸ್ ಮತ್ತು ರಿಜಿಸ್ಟ್ರೇಷನ್’ ಎಂದು ಒಟ್ಟುಗೂಡಿಸಿ 2,40,000 ಎಂದು ಬರೆದಿದ್ದರೆ ಹತ್ತು ಸಾವಿರದಷ್ಟು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ಕಾರಿನ ನೋಂದಣಿ ಶುಲ್ಕ 600 ರೂ., ಸಾಲವಿದ್ದರೆ ಹೈಪಾಥಿಕೇಶನ್, ಅಂದರೆ ಗಾಡಿ ಸಾಲ ಕೊಟ್ಟವರ ಅಡಮಾನದಲ್ಲಿದೆ ಎಂಬ ನಮೂದಿಗೆ 1,500, ಸ್ಮಾರ್ಟ್ ಕಾರ್ಡಿಗೆ 200. ‘ಆರ್‌ಟಿಒ ಖರ್ಚು ಇರತ್ತೆ ಸಾರ್’ ಎನ್ನುವವರಿಗೆ ಖರ್ಚಿನ ರಸೀದಿ ಕೊಡಿ ಎಂದರೆ ಸಾಕು. ಪೂರ್ತಿ ತಯಾರಾಗಿ ಬರುವ ಹೊಸ ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ಒಯ್ದು ನಿಲ್ಲಿಸುವ ಪದ್ಧತಿಯೂ 2021ರ ನಂತರ ಹೋಗಿದೆ. ಕಟ್ಟಿದ ತೆರಿಗೆಯ ರಸೀದಿ ಸರ್ಕಾರದ ವಾಹನ್ ಪೋರ್ಟಲಿನಿಂದ ಪೈಸೆ ಸಮೇತ ಬರುತ್ತದೆ. ‘ರಸೀದಿಯಲ್ಲಿರುವಷ್ಟೇ ಕೊಡುತ್ತೇವೆ, ಹೆಚ್ಚಾದದ್ದು ವಾಪಸ್’ ಎಂದು ಬುಕ್ಕಿಂಗ್ ಫಾರಂ ಮೇಲೆ ಬರೆಸಿಕೊಳ್ಳಿ.

ತೆರಿಗೆಯ ಈ ಮೆಟ್ಟಿಲುಗಳು ಸೇಲ್ಸ್ ಮಾತಿನಲ್ಲಿ ಎಂದೂ ಕೇಳಿಬರುವುದಿಲ್ಲ. ‘ಬರೀ ಐವತ್ತು ಸಾವಿರ ಜಾಸ್ತಿ ಹಾಕಿ ಸಾರ್, ಸನ್‌ರೂಫ್ ಬರತ್ತೆ’ ಎಂದು 9.80 ಲಕ್ಷದ ವೇರಿಯಂಟಿನಿಂದ 10.30 ಲಕ್ಷದ್ದಕ್ಕೆ ಏರಿಸುತ್ತಾರೆ. 9.80 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 1,52,292 ರೂ., 10.30 ಲಕ್ಷಕ್ಕೆ 1,94,361. ತೆರಿಗೆಯೊಂದರಲ್ಲೇ 42,069 ಹೆಚ್ಚು. ಐವತ್ತು ಸಾವಿರದ ಸನ್‌ರೂಫ್‌ಗೆ ನಿಜವಾಗಿ ಬೀಳುವುದು 92 ಸಾವಿರ. ಬೆಲೆ 10 ಲಕ್ಷ ದಾಟಿದ್ದರಿಂದ ಶೇ 1ರ ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಕೂಡ ಸೇರುತ್ತದೆ. ಅದು ಮಾತ್ರ ನಿಮ್ಮ ಪ್ಯಾನ್‌ಗೆ ಜಮೆಯಾಗುವ ಹಣ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಅಥವಾ ರಿಫಂಡ್ ಪಡೆಯಬಹುದು. ಪ್ಯಾನ್ ತಪ್ಪಾಗಿ ಟೈಪಾದರೆ ಆ ಹಣ ಹುಡುಕುವುದು ದೊಡ್ಡ ತಲೆನೋವು, ಇನ್‌ವಾಯ್ಸ್ ಬಂದ ದಿನವೇ ಅಕ್ಷರ ಅಕ್ಷರ ನೋಡಿ.

ಉಳಿದದ್ದು ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಫೆಸಿಲಿಟೇಶನ್’. ಹೆಸರು ಯಾವುದಾದರೂ ಇರಲಿ, ಎಕ್ಸ್ ಶೋರೂಂ ಎಂದರೇ ಗಾಡಿ ಶೋರೂಂ ತಲುಪುವವರೆಗಿನ ಖರ್ಚು ಒಳಗೊಂಡ ಬೆಲೆ. ಈ ಸಾಲನ್ನು ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸುವುದಲ್ಲ, ಪೂರ್ತಿ ಹೊಡೆದುಹಾಕಿಸಬೇಕು. ಇದಕ್ಕೆ ತೆರಿಗೆ ಇನ್‌ವಾಯ್ಸ್ ಕೊಡಿ ಎಂದು ಇಮೇಲ್ ಮಾಡಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ಫಾಸ್ಟ್‌ಟ್ಯಾಗ್ ಹೊಸ ಕಾರಿಗೆ ಕಡ್ಡಾಯ, ಅದರ ಐನೂರು ಆರುನೂರಕ್ಕೆ ಜಗಳ ಬೇಡ.

ರಿಯಾಯಿತಿಯೂ ಒಂದೇ ತುಂಡಲ್ಲ. ಕಂಪನಿಯ ಗ್ರಾಹಕ ಆಫರ್, ಕಾರ್ಪೊರೇಟ್ ರಿಯಾಯಿತಿ, ಎಕ್ಸ್‌ಚೇಂಜ್ ಬೋನಸ್, ಡೀಲರ್ ತನ್ನ ಲಾಭದಿಂದ ಬಿಡುವ ಮೊತ್ತ, ಹೀಗೆ ಬೇರೆ ಬೇರೆ. ನಿಮಗೆ ಅನ್ವಯಿಸದ ಎಕ್ಸ್‌ಚೇಂಜ್ ಬೋನಸ್ಸನ್ನೂ ಸೇರಿಸಿ ‘ಎಂಬತ್ತು ಸಾವಿರ ಆಫರ್’ ಎಂದು ಫ್ಲೆಕ್ಸ್ ಹಾಕಿರುತ್ತಾರೆ. ನಗದು ರಿಯಾಯಿತಿ ಇನ್‌ವಾಯ್ಸ್‌ನಲ್ಲೇ ಕಾಣಬೇಕು. ‘ಡೆಲಿವರಿ ಆದ್ಮೇಲೆ ಅಕೌಂಟಿಗೆ ಹಾಕ್ತೀವಿ’ ಎನ್ನುವ ಮಾತನ್ನು ರಿಯಾಯಿತಿ ಎಂದು ಎಣಿಸಬೇಡಿ.

ಇನ್ಶೂರೆನ್ಸ್: ಒತ್ತಡ ಹೆಚ್ಚಾಗುವ ಮೇಜು

‘ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು, ಇಲ್ಲಾಂದ್ರೆ ಡಿಸ್ಕೌಂಟ್ ಇಲ್ಲ.’ ಈ ಒಂದು ವಾಕ್ಯಕ್ಕಾಗಿಯೇ ಇಡೀ ಸೇವೆಗೆ ಅಂಕ ಕಳೆಯಬೇಕು. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಗುರುತಿಸಿದೆ. ಕಾನೂನಿನ ಹೆಸರು ಹೇಳಿ ಜೋರು ಮಾಡುವುದಕ್ಕಿಂತ ಲೆಕ್ಕ ಮುಂದಿಟ್ಟರೆ ಬೇಗ ಕೆಲಸವಾಗುತ್ತದೆ.

ಹೊಸ ಕಾರಿಗೆ ಕಡ್ಡಾಯವಾಗಿರುವುದು ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ. 2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಇದು ನಡೆದುಬಂದಿದೆ. ಸ್ವಂತ ಗಾಡಿಗೆ ಆಗುವ ಹಾನಿಯ ವಿಮೆ, ಅಂದರೆ ಓನ್ ಡ್ಯಾಮೇಜ್, ಒಂದು ವರ್ಷಕ್ಕೆ ಮಾಡಿಸಿದರೆ ಸಾಕು. ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಿಸಿಕೊಳ್ಳಲು ಬಂದರೆ ಬೇಡ ಎನ್ನಿ. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್ ಪಟ್ಟಿಯಂತೆ ಮೂರು ವರ್ಷಕ್ಕೆ 1000 ಸಿಸಿವರೆಗೆ 6,521 ರೂ., 1500 ಸಿಸಿವರೆಗೆ 10,640, ಅದರ ಮೇಲೆ 24,596, ಮತ್ತೆ ಶೇ 18 ಜಿಎಸ್‌ಟಿ. ಯಾವ ಕಂಪನಿಯಿಂದ ಕೊಂಡರೂ ಇದು ಬದಲಾಗದು. ಶೋರೂಂ ಕೊಟೇಶನ್‌ಗೂ ಹೊರಗಿನದಕ್ಕೂ ವ್ಯತ್ಯಾಸವೆಲ್ಲ ಓನ್ ಡ್ಯಾಮೇಜ್ ಮತ್ತು ಆ್ಯಡ್-ಆನ್ ಎಂಬ ಹೆಚ್ಚುವರಿ ಕವರ್‌ಗಳಲ್ಲಿ.

ಹೋಲಿಸುವಾಗ ಐಡಿವಿ, ಅಂದರೆ ಗಾಡಿ ಪೂರ್ತಿ ಹಾಳಾದರೆ ಅಥವಾ ಕಳವಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ, ಒಂದೇ ಇರಬೇಕು. ಹೊಸ ಗಾಡಿಗೆ ಅದು ಎಕ್ಸ್ ಶೋರೂಂ ಬೆಲೆಯ ಶೇ 95ರಷ್ಟು, 12 ಲಕ್ಷಕ್ಕೆ 11.40 ಲಕ್ಷ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಚಮತ್ಕಾರ ಹೊರಗಿನ ವೆಬ್‌ಸೈಟ್‌ಗಳಲ್ಲೂ ಇದೆ. ಬಿಡಿಭಾಗ ಹಳೆಯದಾಯಿತೆಂದು ಕ್ಲೇಮ್ ಹಣ ಕಡಿಯದ ಜೀರೋ ಡೆಪ್ರಿಸಿಯೇಶನ್ ಕವರ್ ಬೇಕೇ ಬೇಕು. ಮಳೆ ಬಂದರೆ ಅಂಡರ್‌ಪಾಸ್ ತುಂಬುವ ನಮ್ಮ ಊರಿಗೆ ಎಂಜಿನ್ ಪ್ರೊಟೆಕ್ಟ್ ಕೂಡ ಬೇಕು, ಏಕೆಂದರೆ ನೀರು ಹೀರಿಕೊಂಡು ಕೆಟ್ಟ ಎಂಜಿನ್ ಸಾದಾ ಪಾಲಿಸಿಯಲ್ಲಿ ಬರುವುದಿಲ್ಲ. ಕಾರು ಕಳವಾದರೆ ಇನ್‌ವಾಯ್ಸ್ ಮೊತ್ತ ಕೊಡುವ ಕವರ್ ಮೊದಲ ವರ್ಷಗಳಿಗೆ ಒಳ್ಳೆಯದು. ಕೀ ಕಳೆದರೆ, ಸಾಮಾನು ಕಳೆದರೆ ಎಂದು ಉದ್ದವಾಗುವ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿ. 15 ಲಕ್ಷದ ವೈಯಕ್ತಿಕ ಅಪಘಾತ ಕವರ್ ನಿಮಗೆ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ. ಹಳೆ ಕಾರು ಮಾರಿದವರು ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಅದರ ನೋ ಕ್ಲೇಮ್ ಬೋನಸ್‌ಗೆ ಹಳೆಯ ವಿಮಾ ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 50ರವರೆಗೂ ಕಡಿತ ಸಿಗುತ್ತದೆ. ಶೋರೂಂನವರು ಇದನ್ನು ತಾವಾಗಿ ಕೇಳುವುದು ಅಪರೂಪ.

‘ಹೊರಗಿನ ಪಾಲಿಸಿಗೆ ಕ್ಯಾಶ್‌ಲೆಸ್ ಆಗಲ್ಲ’ ಎಂಬುದು ಎರಡನೇ ಅಸ್ತ್ರ. ಕ್ಯಾಶ್‌ಲೆಸ್ ಎನ್ನುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದ. ಪಾಲಿಸಿ ಎಲ್ಲಿ ಕೊಂಡಿರಿ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಮನೆ ಹತ್ತಿರದ ಸರ್ವಿಸ್ ಸೆಂಟರ್ ಆ ಕಂಪನಿಯ ಪಟ್ಟಿಯಲ್ಲಿ ಇದೆಯೇ ಎಂದು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ನಿಜವಾದ ಅಡ್ಡಿ ಬೇರೆಡೆ ಇದೆ: ಪಾಲಿಸಿಗೆ ಚಾಸಿ ನಂಬರ್, ಎಂಜಿನ್ ನಂಬರ್ ಬೇಕು, ಅವನ್ನು ಶೋರೂಂ ಕೊನೆ ಗಳಿಗೆವರೆಗೂ ಕೊಡುವುದಿಲ್ಲ. ವಿಮೆ ಇಲ್ಲದೆ ನೋಂದಣಿ ಆಗುವುದಿಲ್ಲ, ಆಗ ‘ಲೇಟ್ ಆಗತ್ತೆ’ ಎಂದು ತಮ್ಮ ಪಾಲಿಸಿಯನ್ನೇ ಹಾಕಿಬಿಡುತ್ತಾರೆ. ಗಾಡಿ ತೋರಿಸಿದ ದಿನವೇ ಎರಡೂ ನಂಬರಿನ ಫೋಟೊ ತೆಗೆದುಕೊಂಡು, ಪಾಲಿಸಿಯಲ್ಲಿ ಸಾಲ ಕೊಡುವ ಬ್ಯಾಂಕಿನ ಹೆಸರನ್ನೂ ಹಾಕಿಸಿ, ಅಂದೇ ಕಳಿಸಿಬಿಡಿ. ಇಷ್ಟೆಲ್ಲ ಬೇಡ ಎನ್ನುವವರು ಅದೇ ಐಡಿವಿ, ಅದೇ ಕವರ್ ಇರುವ ಹೊರಗಿನ ಕೊಟೇಶನ್ ತೋರಿಸಿದರೂ ಶೋರೂಂ ದರ ಗಣನೀಯವಾಗಿ ಇಳಿಯುತ್ತದೆ. ‘ಮ್ಯಾನೇಜರ್ ಕೇಳಿ ಬರ್ತೀನಿ’ ಎಂದು ಒಳಹೋದವರು ಬಹುತೇಕ ಅದೇ ದರಕ್ಕೆ ಒಪ್ಪಿ ಬರುತ್ತಾರೆ.

ಸಾಲ, ಆಕ್ಸೆಸರಿ, ಹಳೆ ಗಾಡಿ

ಸಾಲದ ಮಾತಿನಲ್ಲಿ ಬಡ್ಡಿ ದರದ ಬದಲು ಇಎಂಐ ಹೇಳಿದರೆ ಎಚ್ಚರ. 8 ಲಕ್ಷಕ್ಕೆ ಐದು ವರ್ಷ, ‘ಬರೀ ಐದೂವರೆ ಪರ್ಸೆಂಟ್ ಫ್ಲ್ಯಾಟ್’ ಎಂದರೆ, ಐದೂ ವರ್ಷ ಪೂರ್ತಿ ಅಸಲಿನ ಮೇಲೇ ಲೆಕ್ಕ ಹಾಕಿ, ಬಡ್ಡಿ 2.20 ಲಕ್ಷ, ತಿಂಗಳಿಗೆ 17,000. ಕಟ್ಟುತ್ತಾ ಹೋದಂತೆ ಅಸಲು ಇಳಿಯುವ ಲೆಕ್ಕದಲ್ಲಿ ಅದೇ ಕಂತು ಶೇ 10ರ ಬಡ್ಡಿಗೆ ಸಮ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳು, ಹಣಕಾಸು ಕಂಪನಿಗಳು ಸಾಲಕ್ಕೆ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಇರುತ್ತದೆ, ಅದನ್ನೇ ಹೋಲಿಸಿ. ಸಂಬಳ ಬರುವ ಬ್ಯಾಂಕಿನಲ್ಲಿ ಶೋರೂಂಗೆ ಹೋಗುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಸಾಲದ ಜೊತೆ ಸಾಲ ರಕ್ಷಣೆಯ ಜೀವವಿಮೆ ಸೇರಿಸಿರುತ್ತಾರೆ, ಅದು ಕಡ್ಡಾಯವಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಎಂಬುದೂ ಆ ಪತ್ರದಲ್ಲೇ ಇರುತ್ತದೆ.

ಆಕ್ಸೆಸರಿ ವಿಭಾಗಕ್ಕೆ ಹೆಚ್ಚು ಹೇಳಬೇಕಿಲ್ಲ. ಮ್ಯಾಟ್, ಮಡ್ ಫ್ಲ್ಯಾಪ್ ತೆಗೆದುಕೊಳ್ಳಿ. ಕಾರ್ಖಾನೆಯಲ್ಲೇ ತುಕ್ಕು ನಿರೋಧಕ ಲೇಪ ಆಗಿ ಬಂದ ಗಾಡಿಗೆ ಶೋರೂಂನ ಅಂಡರ್‌ಬಾಡಿ ಕೋಟಿಂಗ್, ಟೆಫ್ಲಾನ್ ಬೇಕಿಲ್ಲ. ಎರಡು ವಿಷಯ ಮಾತ್ರ ಗಂಭೀರ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸಾದಾ ಸೀಟ್ ಕವರ್ ಹೊಲಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು, ಏರ್‌ಬ್ಯಾಗ್‌ಗೆ ಹೊಂದುವ ಕವರನ್ನೇ ಕೇಳಿ. ಬಂಪರ್ ಮುಂದೆ ಬುಲ್ ಬಾರ್ ಎಂಬ ಲೋಹದ ಕಂಬಿ ಹಾಕಿಸಬೇಡಿ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದರ ವಿರುದ್ಧ ಕ್ರಮಕ್ಕೆ ಸೂಚಿಸಿದೆ. ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದೇ, ಆದರೆ ಅಂದೇ ಕೊಳ್ಳಬೇಕಿಲ್ಲ. ಮೂಲ ವಾರಂಟಿ ಮುಗಿಯುವ ಮುಂಚೆ ಕೊಳ್ಳಲು ಅವಕಾಶವಿರುತ್ತದೆ, ತಡವಾದಂತೆ ದರ ಸ್ವಲ್ಪ ಏರುತ್ತದೆ.

ಹಳೆ ಕಾರಿನ ಎಕ್ಸ್‌ಚೇಂಜ್‌ನಲ್ಲಿ ಬೋನಸ್ ಎಂದು ಕೊಟ್ಟದ್ದನ್ನು ಬೆಲೆಯಲ್ಲಿ ಕಡಿಮೆ ಹಿಡಿದು ವಾಪಸ್ ತೆಗೆದುಕೊಳ್ಳುತ್ತಾರೆ. ಹೊರಗೆ ಎರಡು ಕಡೆ ಬೆಲೆ ಕಟ್ಟಿಸಿ, ಬೋನಸ್ ಸೇರಿ ಯಾವುದು ಹೆಚ್ಚು ನೋಡಿ. ಗಾಡಿ ಒಪ್ಪಿಸಿದ ಮೇಲೆ ಆರ್‌ಸಿ ವರ್ಗಾವಣೆಯಾಗುವವರೆಗೆ ಅಪಘಾತ, ದಂಡ ಎಲ್ಲ ನಿಮ್ಮ ಹೆಸರಿಗೇ ಬರುತ್ತದೆ. 2023ರ ಏಪ್ರಿಲ್‌ನಿಂದ ಅಧಿಕೃತ ಹಳೆ ವಾಹನ ಡೀಲರ್‌ಗೆ ಒಪ್ಪಿಸುವಾಗ ಫಾರಂ 29ಸಿ ಮೂಲಕ ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವ ವ್ಯವಸ್ಥೆ ಬಂದಿದೆ. ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಕೊಟ್ಟು ಬರಬೇಡಿ.

ಯಾವಾಗ ಹೋಗಬೇಕು, ಏನು ನೋಡಬೇಕು

‘ಇವತ್ತು ಬುಕ್ ಮಾಡಿದ್ರೆ ಮಾತ್ರ ಈ ಆಫರ್’ ಎಂಬ ಮಾತು ತಿಂಗಳ ಮೂವತ್ತೂ ದಿನ ಕೇಳುತ್ತದೆ. ನಿಜವಾಗಿ ದರ ಇಳಿಯುವ ಕಾಲ ಬೇರೆ: ಟಾರ್ಗೆಟ್ ಮುಗಿಯದ ತಿಂಗಳ ಕೊನೆ ವಾರ, ಮಾರ್ಚ್, ಡಿಸೆಂಬರ್. ನಮ್ಮಲ್ಲಿ ಇನ್ನೊಂದು ಇದೆ, ಆಷಾಢ. ಶುಭಕಾರ್ಯ ಬೇಡವೆಂದು ಜನ ಬರುವುದಿಲ್ಲ, ಶೋರೂಂ ಖಾಲಿ, ಆಗ ಮಾತಿನಲ್ಲೂ ಬೆಲೆಯಲ್ಲೂ ವಿನಯ ಕಾಣುತ್ತದೆ. ಸಂಪ್ರದಾಯ ಬಿಡಲಾಗದವರು ಆಷಾಢದಲ್ಲಿ ಬೆಲೆ ಬರೆಸಿಕೊಂಡು ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಳ್ಳಬಹುದು. ಆದರೆ ಬುಕ್ಕಿಂಗ್ ಫಾರಂನ ಸಣ್ಣ ಅಕ್ಷರದಲ್ಲಿ ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂದಿರುತ್ತದೆ, ರದ್ದು ಮಾಡಿದರೆ ಎಷ್ಟು ಹಿಡಿಯುತ್ತಾರೆ ಎಂಬುದೂ ಅಲ್ಲೇ. ಆಯುಧ ಪೂಜೆಯ ದಿನ ಡೆಲಿವರಿ ಬೇಕೆಂದರೆ ಗಾಡಿಯನ್ನು ಹಿಂದಿನ ವಾರವೇ ಪರೀಕ್ಷಿಸಿಬಿಡಿ. ಅಂದು ರಾಹುಕಾಲ ತಪ್ಪಿಸಿ ಎಲ್ಲರಿಗೂ ಒಂದೇ ಹೊತ್ತಿಗೆ ಕೀ ಬೇಕು, ಕಾರು ನೋಡಲು ಬೆಳಕೂ ಇರುವುದಿಲ್ಲ, ಜಾಗವೂ ಇರುವುದಿಲ್ಲ.

ಡೆಲಿವರಿಗೆ ಮುಂಚಿನ ಪರೀಕ್ಷೆ, ಅಂದರೆ ಪಿಡಿಐ, ಆಗಬೇಕಾದದ್ದು ಇನ್‌ವಾಯ್ಸ್‌ಗೆ ಮುಂಚೆ. ನೋಂದಣಿ ಆದ ಮೇಲೆ ದೋಷ ಕಂಡರೆ ಗಾಡಿ ಬದಲಿಸಿಕೊಡುವುದಿಲ್ಲ, ರಿಪೇರಿ ಮಾತ್ರ. ನಗರದ ಹೊರಗಿನ ಸ್ಟಾಕ್ ಯಾರ್ಡಿಗೆ ಹಗಲಿನಲ್ಲೇ ಹೋಗಿ. ತೊಳೆದು ಒದ್ದೆಯಾಗಿರುವ ಕಾರಿನ ಮೇಲೆ ಗೀರು ಕಾಣುವುದಿಲ್ಲ, ಒರೆಸಿ ಒಣಗಿಸಲು ಹೇಳಿ. ತಯಾರಿಕೆಯ ತಿಂಗಳು ವರ್ಷವನ್ನು ಫಾರಂ 21ರಲ್ಲಿ, ಅಂದರೆ ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರದಲ್ಲಿ, ನೋಡಿ. ಟೈರಿನ ಮೇಲಿನ ನಾಲ್ಕು ಅಂಕಿಗಳು ವಾರ ಮತ್ತು ವರ್ಷ: 3225 ಎಂದರೆ 2025ರ 32ನೇ ವಾರ. ಐದೂ ಟೈರ್ ಹೆಚ್ಚುಕಡಿಮೆ ಒಂದೇ ಕಾಲದವಾಗಿರಬೇಕು. ಬಾಗಿಲು, ಬಾನೆಟ್ ಸಂದುಗಳು ಎರಡೂ ಬದಿ ಸಮವಾಗಿದೆಯೇ, ಬೋಲ್ಟ್‌ಗಳ ತಲೆಯ ಪೇಂಟ್ ಕಿತ್ತಿದೆಯೇ ನೋಡಿದರೆ ಸಾಗಾಟದಲ್ಲಿ ಪೆಟ್ಟಾಗಿ ಬಿಚ್ಚಿ ಹಾಕಿದ ಗಾಡಿ ಸಿಕ್ಕಿಬೀಳುತ್ತದೆ. ಸೀಟ್ ಬೆಲ್ಟ್‌ಗಳನ್ನು ಕೊನೆವರೆಗೆ ಎಳೆಯಿರಿ, ಸ್ಪೇರ್ ಟೈರ್ ಎತ್ತಿ ಕೆಳಗೆ ಕೈಯಾಡಿಸಿ. ಮಣ್ಣಿನ ಗೆರೆ, ಕೆಸರಿನ ಪುಡಿ, ಸೀಟಿನ ಹಳಿಗಳಲ್ಲಿ ತುಕ್ಕು ಇದ್ದರೆ ಯಾರ್ಡಿಗೆ ನೀರು ನುಗ್ಗಿದಾಗ ಆ ಕಾರು ಅಲ್ಲಿತ್ತು ಎಂದರ್ಥ. ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕು ಮಾತ್ರ ಸಹಜ, ಎರಡು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಮೀಟರ್ ನೂರು ಕಿಲೋಮೀಟರ್ ದಾಟಿದ್ದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಕೊನೆಗೆ ಇನ್‌ವಾಯ್ಸ್‌ನಲ್ಲಿರುವ ಚಾಸಿ ನಂಬರ್ ನೀವು ನೋಡಿದ ಗಾಡಿಯದೇ ಎಂದು ಹೋಲಿಸಿ. ನೋಡಿದ್ದು ಒಂದು, ಬಂದದ್ದು ಇನ್ನೊಂದು ಆಗುವುದು ಹಬ್ಬದ ಗಲಾಟೆಯಲ್ಲೇ.

ಹಣ ಡೀಲರ್ ಕಂಪನಿಯ ಬ್ಯಾಂಕ್ ಖಾತೆಗೆ ಮಾತ್ರ. ಸೇಲ್ಸ್‌ನವರ ಸ್ವಂತ ಯುಪಿಐಗೆ ಬುಕ್ಕಿಂಗ್ ಹಣವನ್ನೂ ಹಾಕಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ನಿಷೇಧವಿದೆ.

ಜಗಳ ಬಿದ್ದರೆ ಮೊದಲು ಡೀಲರ್‌ನ ಜನರಲ್ ಮ್ಯಾನೇಜರ್‌ಗೆ ಇಮೇಲ್, ಅದರ ನಕಲು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ. ಕಂಪನಿಯ ಏರಿಯಾ ಮ್ಯಾನೇಜರ್ ಕಣ್ಣಿಗೆ ಬಿದ್ದ ಇಮೇಲ್‌ಗೆ ಇರುವ ಬೆಲೆ ಶೋರೂಂನಲ್ಲಿ ಕೂಗಾಡಿದ್ದಕ್ಕೆ ಇಲ್ಲ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ವಿಮೆಯ ಬಲವಂತಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಹಾಕಬಹುದು, ವಕೀಲರು ಬೇಕೆಂದಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಬೆಲೆ 5ರಿಂದ 10 ಲಕ್ಷವಾದರೆ ಶುಲ್ಕ 200 ರೂ., 10ರಿಂದ 20 ಲಕ್ಷಕ್ಕೆ 400. ಕೊಟೇಶನ್, ಬುಕ್ಕಿಂಗ್ ರಸೀದಿ, ವಾಟ್ಸ್ಆ್ಯಪ್ ಮಾತುಕತೆ, ವಾಹನ್ ತೆರಿಗೆ ರಸೀದಿ, ಈ ನಾಲ್ಕನ್ನು ಜೊತೆಗೆ ಲಗತ್ತಿಸಿ.